ಲೋಡ್ ಹಾಕಿ ಅಳೆದರೆ ದೋಷ ಎಲ್ಲಿದೆ ಗೊತ್ತಾಗುತ್ತದೆ

ಕೆಟ್ಟಿದೆ ಎಂದು ಜನ ಮೂಲೆಗೆ ಹಾಕುವ ನೀರು ಕಾಯಿಸುವ ರಾಡುಗಳಲ್ಲಿ ಎಷ್ಟೋ ಚೆನ್ನಾಗಿಯೇ ಇರುತ್ತವೆ. ಕಲಬುರಗಿ ಸುತ್ತಮುತ್ತ ಮನೆ ವೈರಿಂಗ್ ಕೆಲಸ ಮಾಡುವ ನಾನು ಇದನ್ನು ಪ್ರತಿ ಚಳಿಗಾಲ ನೋಡುತ್ತೇನೆ. ರಾಡ್ ಹೇಗಿದೆ ಎಂದು ತಿಳಿಯಲು ಎರಡು ಅಳತೆ ಸಾಕು. ಅದು ಓಡುತ್ತಿರುವಾಗ ಎಷ್ಟು ವೋಲ್ಟ್ ಸಿಗುತ್ತಿದೆ, ಎಷ್ಟು ಆಂಪಿಯರ್ ಎಳೆಯುತ್ತಿದೆ? ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಇರುವ ತಡೆ, ಓಮ್‌ನಲ್ಲಿ ಬರುತ್ತದೆ. ಎರಡನ್ನೂ ಗುಣಿಸಿದರೆ ಪವರ್ ವ್ಯಾಟ್‌ನಲ್ಲಿ ಬರುತ್ತದೆ. ಶಾಲೆಯಲ್ಲಿ ಎಲ್ಲರೂ ಓದಿದ ಲೆಕ್ಕವೇ, ಅಲ್ವಾ?

ಆಳಂದ ರಸ್ತೆ ಕಡೆ ತೊಗರಿ ಹೊಲದಲ್ಲಿ ಒಂದು ಮನೆ. ಮೀಟರ್ ಬೋರ್ಡ್ ರಸ್ತೆ ಬದಿಯ ಹಳೆ ಕೋಣೆಯಲ್ಲಿದೆ. ಅಲ್ಲಿಂದ ಬಚ್ಚಲಿನ ತನಕ ಸುಮಾರು 60 ಮೀಟರ್ ವೈರ್ ಎಳೆದಿದ್ದಾರೆ. "ತಮ್ಮಾ, ರಾಡ್ ಕೆಟ್ಟದ. ನೀರ ಕಾಯಲಕ್ಕ ಭಾಳ ಹೊತ್ತು ಹಿಡಿಲಕತ್ತದ. ಹೊಸಾದು ತರ್ಲೇನು?" ಎಂದು ಮನೆಯ ಹಿರಿಯರು ಕೇಳಿದರು. "ತಡೀರಿ ಕಾಕಾ, ಮೊದಲು ಅಳೀತೀನಿ" ಎಂದೆ.

ರಾಡಿನ ಮೇಲೆ 1500 ವ್ಯಾಟ್, 230 ವೋಲ್ಟ್ ಎಂದು ಬರೆದಿತ್ತು. ಅಂದರೆ ಅದರ ರೆಸಿಸ್ಟೆನ್ಸ್ 230ನ್ನು 230ರಿಂದ ಗುಣಿಸಿ 1500ರಿಂದ ಭಾಗಿಸಿದಷ್ಟು, 35 ಓಮ್‌ಗಿಂತ ಚೂರು ಜಾಸ್ತಿ ಇರಬೇಕು. ಬಕೆಟ್ಟಿನ ನೀರಿನಲ್ಲಿ ರಾಡ್ ಇಟ್ಟು ಚಾಲೂ ಮಾಡಿ ಅಳೆದೆ. ಬಚ್ಚಲಿನ ಸಾಕೆಟ್‌ನಲ್ಲಿ 200 ವೋಲ್ಟ್, ವೈರನ್ನು ಬಾಯೊಳಗೆ ಹಿಡಿದು ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್‌ನಲ್ಲಿ 5.7 ಆಂಪಿಯರ್. 200ನ್ನು 5.7ರಿಂದ ಭಾಗಿಸಿದರೆ 35 ಓಮ್. ರಾಡ್ ಸರಿಯಾಗಿಯೇ ಇದೆ. ಆದರೆ ಅದಕ್ಕೆ ಸಿಗುತ್ತಿದ್ದ ಪವರ್ 1140 ವ್ಯಾಟ್ ಮಾತ್ರ.

ಲೋಡ್ ಹಾಗೇ ಇಟ್ಟು, ಅಂದರೆ ರಾಡ್ ಓಡುತ್ತಿರುವಾಗಲೇ, ಮೀಟರ್ ಬೋರ್ಡಿಗೆ ಹೋಗಿ ಅಳೆದೆ. ಅಲ್ಲಿ 226 ವೋಲ್ಟ್ ಇತ್ತು. ಹಾಗಾದರೆ 26 ವೋಲ್ಟ್ ದಾರಿಯಲ್ಲೇ ಕರಗುತ್ತಿದೆ. ರಾಡ್ ಬಂದ್ ಮಾಡಿ ಅಳೆದಿದ್ದರೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ವೋಲ್ಟೇಜ್ ತೋರಿಸುತ್ತಿತ್ತು. ಕರೆಂಟ್ ಹರಿಯದಿದ್ದರೆ ವೈರಿನಲ್ಲಿ ಏನೂ ಬೀಳುವುದಿಲ್ಲ. ಸುಮ್ನೆ ಸಾಕೆಟ್‌ಗೆ ಮೀಟರ್ ಹಚ್ಚಿ "ವೋಲ್ಟೇಜ್ ಬರೋಬ್ಬರಿ ಅದ" ಎಂದು ಹೇಳಿ ಹೋಗುವವರು ಇದನ್ನು ಗಮನಿಸಬೇಕು.

ಈಗ ಅದೇ ಭಾಗಾಕಾರವನ್ನು ವೈರಿಗೆ ಹಚ್ಚಿದೆ. 26ನ್ನು 5.7ರಿಂದ ಭಾಗಿಸಿದರೆ 4.5 ಓಮ್ ದಾಟುತ್ತದೆ. ಎಳೆದಿದ್ದು 2.5 ಚದರ ಮಿಲಿಮೀಟರಿನ ಅಲ್ಯೂಮಿನಿಯಂ ವೈರ್. ಅದರ ರೆಸಿಸ್ಟೆನ್ಸ್ ಕಿಲೋಮೀಟರಿಗೆ ಸುಮಾರು 12 ಓಮ್. ಹೋಗುವುದು 60, ಬರುವುದು 60, ಒಟ್ಟು 120 ಮೀಟರಿಗೆ ಒಂದೂವರೆ ಓಮ್ ಇರಬೇಕು. ಉಳಿದ ಮೂರು ಓಮ್ ಎಲ್ಲಿಂದ ಬಂತು?

ನನ್ನನ್ನು ಹೆದರಿಸಿದ್ದು ಆ ಮೂರು ಓಮ್. ಆಂಪಿಯರನ್ನು ಆಂಪಿಯರಿನಿಂದಲೇ ಗುಣಿಸಿ ಓಮ್‌ನಿಂದ ಗುಣಿಸಿದರೆ ಅಲ್ಲಿ ಹುಟ್ಟುವ ಬಿಸಿ ಸಿಗುತ್ತದೆ. 5.7 ಸಲ 5.7, ಅದನ್ನು ಮೂರರಿಂದ ಗುಣಿಸಿದರೆ ಹತ್ತಿರ ಹತ್ತಿರ 100 ವ್ಯಾಟ್. ಹಳೆ ಕಾಲದ ನೂರು ವ್ಯಾಟಿನ ಬಲ್ಬ್ ಎಷ್ಟು ಸುಡುತ್ತಿತ್ತೋ ಅಷ್ಟು ಬಿಸಿ ಒಂದೇ ಜಾಯಿಂಟಿನಲ್ಲಿ, ಟೇಪಿನ ಒಳಗೆ. ಮೇನ್ ಆಫ್ ಮಾಡಿ ವೈರ್ ಹಿಡಿದು ಹುಡುಕುತ್ತಾ ಹೋದೆ. ಬಚ್ಚಲಿನ ಹೊರಗೋಡೆ ಹತ್ತಿರ, ಅಲ್ಯೂಮಿನಿಯಂ ವೈರಿಗೆ ತಾಮ್ರದ ವೈರ್ ಸುಮ್ನೆ ಹೊಸೆದಿದ್ದ ಕಡೆ, ಟೇಪ್ ಕರಗಿ ಕಪ್ಪಾಗಿತ್ತು. ಅಲ್ಯೂಮಿನಿಯಂ ಮೇಲೆ ಬೇಗ ಆಕ್ಸೈಡ್ ಪದರ ಕಟ್ಟುತ್ತದೆ. ಅದು ಕರೆಂಟ್ ಬಿಡುವುದಿಲ್ಲ. ತಾಮ್ರದ ಜೊತೆ ತೇವ ಸೇರಿದರೆ ಅಲ್ಯೂಮಿನಿಯಂ ಇನ್ನೂ ಬೇಗ ಸವೆದುಹೋಗುತ್ತದೆ.

ಸುಟ್ಟ ತುದಿ ಕತ್ತರಿಸಿ, ಎರಡೂ ಲೋಹಕ್ಕೆ ಆಗುವ ಕನೆಕ್ಟರ್ ಹಾಕಿದೆ. ಮತ್ತೆ ಲೋಡ್ ಹಾಕಿ ಅಳೆದೆ. ಬೋರ್ಡಿನಲ್ಲಿ 226, ಸಾಕೆಟ್‌ನಲ್ಲಿ 217, ಆಂಪಿಯರ್ 6.2. ದಾರಿಯಲ್ಲಿ ಬೀಳುವುದು ಒಂಬತ್ತೇ ವೋಲ್ಟ್, ಅದು ವೈರಿನದೇ. ರಾಡಿಗೆ 1345 ವ್ಯಾಟ್ ಸಿಕ್ಕಿತು. ಮುಂದೆ ದುಡ್ಡು ಕೂಡಿಬಂದಾಗ 4 ಚದರ ಮಿಲಿಮೀಟರಿನ ತಾಮ್ರ ಎಳೆಸಿರಿ ಎಂದು ಕಾಕಾಗೆ ಹೇಳಿ ಬಂದೆ.

ಅಳೆಯುವಾಗ ಟಾಂಗ್ ಟೆಸ್ಟರಿನ ಬಾಯೊಳಗೆ ಒಂದೇ ವೈರ್ ಇರಬೇಕು. ಫೇಸ್, ನ್ಯೂಟ್ರಲ್ ಎರಡೂ ಸೇರಿದರೆ ಸೊನ್ನೆ ತೋರಿಸುತ್ತದೆ. ಅದಕ್ಕೇ ಒಳಗಿನ ವೈರ್ ಬಿಡಿಬಿಡಿಯಾಗಿರುವ ಗಿಡ್ಡ ಎಕ್ಸ್‌ಟೆನ್ಷನ್ ಒಂದನ್ನು ನಾನೇ ಮಾಡಿಟ್ಟುಕೊಂಡಿದ್ದೇನೆ.

ಈ ಲೆಕ್ಕ ರಾಡ್, ಗೀಸರ್, ಇಸ್ತ್ರಿ ಪೆಟ್ಟಿಗೆಗೆ ನೇರ ನಡೆಯುತ್ತದೆ. ಆದರೆ ಹಳೆ ಫಿಲಮೆಂಟ್ ಬಲ್ಬನ್ನು ತಣ್ಣಗಿರುವಾಗ ಓಮ್ ರೇಂಜಿನಲ್ಲಿ ಅಳೆದರೆ ಉರಿಯುವಾಗಿನ ಹತ್ತರಲ್ಲಿ ಒಂದು ಪಾಲಿನಷ್ಟೂ ತೋರಿಸದೆ ಇರಬಹುದು. ಬಲ್ಬಿನೊಳಗಿನ ಟಂಗ್‌ಸ್ಟನ್ ತಂತಿ ಕಾದಂತೆ ಅದರ ರೆಸಿಸ್ಟೆನ್ಸ್ ಅಷ್ಟು ಏರುತ್ತದೆ. ಬೇಸಿಗೆ ಬಂದರೆ ನಮ್ಮೂರಲ್ಲಿ ಮನೆಮನೆಗೆ ಕೂಲರ್. ಅದರ ಮೋಟರಿಗೆ ವೋಲ್ಟ್, ಆಂಪಿಯರ್ ಗುಣಿಸಿದ್ದೇ ವ್ಯಾಟ್ ಅಲ್ಲ. ಒಂದು ಕೂಲರಿನಲ್ಲಿ 225 ವೋಲ್ಟ್, 0.9 ಆಂಪಿಯರ್ ಇತ್ತು. ಗುಣಿಸಿದರೆ 202. ವ್ಯಾಟ್ ಮೀಟರ್ ತೋರಿಸಿದ್ದು 165. ಈ ಅಂತರ ಪವರ್ ಫ್ಯಾಕ್ಟರಿನದು, ಅಂದರೆ ಗುಣಿಸಿ ಬಂದದ್ದರಲ್ಲಿ ನಿಜವಾಗಿ ಖರ್ಚಾಗುವ ಪಾಲಿನದು. ಅಲ್ಲಿ ಭಾಗಿಸಿದರೆ ಸಿಗುವುದೂ ವೈಂಡಿಂಗಿನ, ಅಂದರೆ ಮೋಟರಿನೊಳಗೆ ಸುತ್ತಿದ ತಂತಿಯ, ರೆಸಿಸ್ಟೆನ್ಸ್ ಅಲ್ಲ. ವೈಂಡಿಂಗ್ ನೋಡಬೇಕಾದರೆ ಪ್ಲಗ್ ತೆಗೆದು, ಕೆಪಾಸಿಟರ್ ಡಿಸ್ಚಾರ್ಜ್ ಮಾಡಿ ಬಿಚ್ಚಿ, ಆಮೇಲೆ ಓಮ್ ರೇಂಜಿನಲ್ಲಿ ಅಳೆಯುತ್ತೇನೆ.