ಕಷ್ಟದ ಪುಟವನ್ನು ಮೊದಲು ಓದುವುದು: ನಮ್ಮ ಮನೆಶಾಲೆಗೆ ಇತಿಹಾಸದ ಪುಸ್ತಕ ಆರಿಸಿದ ಬಗೆ

ದಾವಣಗೆರೆಯಲ್ಲಿ ನಮ್ಮ ಇಬ್ಬರು ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಓದಿಸುತ್ತಿರುವ ಕಥೋಲಿಕ ಕುಟುಂಬ ನಮ್ಮದು. ಗಣಿತ, ವಿಜ್ಞಾನ, ಕನ್ನಡಗಳಿಗೆ ಪುಸ್ತಕ ಹೊಂದಿಸಿಕೊಳ್ಳುವುದು ಅಷ್ಟೇನೂ ಕಷ್ಟವಾಗಲಿಲ್ಲ; ಜ್ಞಾನೋಪದೇಶದ ಪುಸ್ತಕಗಳು ಧರ್ಮಕೇಂದ್ರದಲ್ಲಿಯೇ (ನಮ್ಮ ಚರ್ಚಿನಲ್ಲಿಯೇ) ಸಿಗುತ್ತವೆ. ಹೆಚ್ಚು ಸಮಯವನ್ನೂ ಹೆಚ್ಚು ಓದನ್ನೂ ಬೇಡಿದ್ದು ಇತಿಹಾಸ. ಮಕ್ಕಳು ತಾವು ಯಾರು, ತಮ್ಮ ಹಿರಿಯರು ಎಲ್ಲಿಂದ ಬಂದರು, ಅಕ್ಕಪಕ್ಕದವರೊಡನೆ ತಮಗೇನು ಸಂಬಂಧ ಎಂಬುದನ್ನೆಲ್ಲ ಕಟ್ಟಿಕೊಳ್ಳುವುದು ಈ ಒಂದು ವಿಷಯದಿಂದ. ಈಗ ಹರಿಹರ ಮತ್ತು ಚಿತ್ರದುರ್ಗದ ಕೆಲವು ಕುಟುಂಬಗಳೂ ಇದೇ ದಾರಿ ಹಿಡಿದಿದ್ದು, ಯಾವ ಪುಸ್ತಕ ತರಿಸಬೇಕೆಂದು ಕೇಳುತ್ತಾರೆ. ಅವರಿಗೆ ನಾನು ಹೆಸರುಗಳ ಪಟ್ಟಿ ಕೊಡುವುದಿಲ್ಲ, ಆರಿಸುವ ಕ್ರಮವನ್ನು ಹೇಳುತ್ತೇನೆ.

ನಮ್ಮ ಮುಂದೆ ಬರುವ ಪುಸ್ತಕಗಳು ಮುಖ್ಯವಾಗಿ ಎರಡು ಬಗೆಯವು. ಒಂದು, ಅಮೆರಿಕದ ಕಥೋಲಿಕ ಮನೆಶಾಲೆಗಳಿಗಾಗಿಯೇ ಸಿದ್ಧವಾದ ಇಂಗ್ಲಿಷ್ ಪುಸ್ತಕಗಳು. ಇವುಗಳಲ್ಲಿ ನಿರೂಪಣೆ ಸೊಗಸಾಗಿರುತ್ತದೆ, ಚಿತ್ರಗಳು ಚೆನ್ನಾಗಿರುತ್ತವೆ, ಸಂತರೂ ಮಠಗಳೂ ವಿಶ್ವವಿದ್ಯಾಲಯಗಳೂ ಕಥೆಯ ನಡುವೆ ತಮಗೆ ಸಲ್ಲುವ ಸ್ಥಾನ ಪಡೆದಿರುತ್ತವೆ. ಆದರೆ ಭಾರತವು ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರು ಗೋವೆಗೆ ಬಂದ 1542ರಲ್ಲಿ ತಟ್ಟನೆ ಕಾಣಿಸಿಕೊಂಡು, ಸಂತ ತೆರೇಸಾ ಅವರ ಕೊಲ್ಕತ್ತಾ ಬರುವವರೆಗೆ ಮತ್ತೆ ಮರೆಯಾಗುತ್ತದೆ. ಇನ್ನೊಂದು, ನಮ್ಮ ರಾಜ್ಯದ ಪಠ್ಯಪುಸ್ತಕಗಳು. ಕದಂಬರು, ಹೊಯ್ಸಳರು, ವಿಜಯನಗರ, ಏಕೀಕರಣ ಎಲ್ಲವೂ ಅಲ್ಲಿವೆ, ಬೆಲೆಯೂ ಕಡಿಮೆ. ಆದರೆ ಕ್ರೈಸ್ತರು ಅಲ್ಲಿ ಹೆಚ್ಚಾಗಿ ಹೊರಗಿನಿಂದ ಬಂದವರಾಗಿ ಕೆಲವು ವಾಕ್ಯಗಳಲ್ಲಿ ಮುಗಿದುಹೋಗುತ್ತಾರೆ. ಈ ಪುಸ್ತಕಗಳು ಆಗಾಗ ಪರಿಷ್ಕರಣೆಗೊಳ್ಳುವುದರಿಂದ ಮುದ್ರಣದ ವರ್ಷವನ್ನು ನೋಡಿಯೇ ತೆಗೆದುಕೊಳ್ಳಬೇಕು. ಎರಡರಲ್ಲಿ ಯಾವುದೂ ಒಂದೇ ಸಾಲದು ಎಂಬುದು ಬೇಗ ತಿಳಿಯಿತು. ಎಷ್ಟು ನಂಬಬಹುದು ಎಂದು ಅಳೆಯುವ ದಾರಿ ಕಂಡುಕೊಳ್ಳುವುದೇ ನಿಜವಾದ ಕೆಲಸವಾಗಿತ್ತು.

ಅದಕ್ಕೆ ನಾನು ಕಂಡುಕೊಂಡ ದಾರಿ ಸರಳವಾಗಿದೆ. ಪುಸ್ತಕ ಕೈಗೆ ಬಂದ ಕೂಡಲೇ ಮೊದಲ ಅಧ್ಯಾಯವನ್ನು ಓದದೆ, ಕಷ್ಟದ ಎರಡು ಪುಟಗಳನ್ನು ಹುಡುಕುತ್ತೇನೆ: ನಮ್ಮವರು ಅನ್ಯಾಯ ಮಾಡಿದ ಪುಟ ಒಂದು, ನಮ್ಮವರು ಅನ್ಯಾಯಕ್ಕೆ ಒಳಗಾದ ಪುಟ ಇನ್ನೊಂದು.

ಮೊದಲನೆಯದಕ್ಕೆ ಗೋವೆಯ ಇನ್‌ಕ್ವಿಸಿಷನ್, ಎಂದರೆ ವಿಶ್ವಾಸಕ್ಕೆ ವಿರುದ್ಧ ನಡೆದವರೆಂದು ಆರೋಪಕ್ಕೆ ಒಳಗಾದವರನ್ನು ವಿಚಾರಿಸಿ ಶಿಕ್ಷಿಸುತ್ತಿದ್ದ ಧರ್ಮಸಭೆಯ (ಕಥೋಲಿಕ ಚರ್ಚಿನ) ನ್ಯಾಯಪೀಠ, ನಮಗೆ ಹತ್ತಿರದ ಉದಾಹರಣೆ. ಅದು 1560ರಲ್ಲಿ ಆರಂಭವಾಗಿ, ನಡುವೆ ಕೆಲವು ವರ್ಷ ನಿಂತು, 1812ರಲ್ಲಿ ಕೊನೆಗೊಂಡಿತು. ಅಂಥದೊಂದು ನ್ಯಾಯಪೀಠ ಬೇಕೆಂದು ಪೋರ್ಚುಗಲ್ಲಿನ ರಾಜನಿಗೆ ಅದಕ್ಕೂ ಮೊದಲೇ ಪತ್ರ ಬರೆದವರಲ್ಲಿ ಸ್ವತಃ ಫ್ರಾನ್ಸಿಸ್ ಕ್ಸೇವಿಯರ್ ಅವರೂ ಇದ್ದರು. ಅವರ ಹಬ್ಬವನ್ನು ನಾವು ಡಿಸೆಂಬರ್ 3ರಂದು ಭಕ್ತಿಯಿಂದ ಆಚರಿಸುತ್ತೇವೆ. ಆ ಪತ್ರವನ್ನು ಮುಚ್ಚಿಡುವ ಪುಸ್ತಕವನ್ನು ಮಾತ್ರ ಮಕ್ಕಳ ಕೈಗೆ ಕೊಡಲಾರೆ. ಗೋವೆಯಿಂದ ಕೆನರಾ ಕರಾವಳಿಗೆ ಇಳಿದುಬಂದ ಕೊಂಕಣಿ ಕಥೋಲಿಕರಲ್ಲಿ ಅನೇಕರ ವಲಸೆಗೆ ಬರಗಾಲ, ಯುದ್ಧಗಳ ಜೊತೆಗೆ ಈ ನ್ಯಾಯಪೀಠದ ಭಯವೂ ಕಾರಣವಾಗಿತ್ತು. ಎಂದರೆ ಇದು ನಮ್ಮ ಮನೆತನಗಳ ಕಥೆಯೇ. ಕೆಲವು ಪುಸ್ತಕಗಳು ಈ ವಿಷಯವನ್ನು ಎತ್ತುವುದೇ ಇಲ್ಲ. ಇನ್ನು ಕೆಲವು ಇದೊಂದನ್ನೇ ಹಿಡಿದು ಇಡೀ ಧರ್ಮಸಭೆಯ ಚರಿತ್ರೆಯನ್ನು ಅಳೆಯುತ್ತವೆ. ವರ್ಷ, ಕಾರಣ, ಪರಿಣಾಮಗಳನ್ನು ನೇರವಾಗಿ ಹೇಳಿ, 2000ದ ಮಾರ್ಚ್ 12ರಂದು ಜಗದ್ಗುರು (ಪೋಪ್) ಎರಡನೇ ಜಾನ್ ಪಾಲ್ ಅವರು, ಧರ್ಮಸಭೆಯವರು ಹಿಂದೆ ಸತ್ಯದ ಹೆಸರಿನಲ್ಲಿ ಮಾಡಿದ ಬಲಪ್ರಯೋಗಕ್ಕಾಗಿಯೂ ಬಹಿರಂಗವಾಗಿ ದೇವರಲ್ಲಿ ಕ್ಷಮೆ ಬೇಡಿದ್ದನ್ನೂ ಸೇರಿಸುವ ಪುಸ್ತಕ ಸಿಕ್ಕರೆ ಅದನ್ನು ಎರಡನೆಯ ಮಾತಿಲ್ಲದೆ ಇಟ್ಟುಕೊಳ್ಳುತ್ತೇನೆ.

ಎರಡನೆಯ ಪುಟ 1784ರದು. ಆ ವರ್ಷದ ವಿಭೂತಿ ಬುಧವಾರದಂದು (ಈಸ್ಟರಿಗೆ ಮುಂಚಿನ ಉಪವಾಸಕಾಲ ಆರಂಭವಾಗುವ ದಿನ) ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕಥೋಲಿಕರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು, ಚರ್ಚುಗಳನ್ನು ಕೆಡವಲಾಯಿತು, ದಾರಿಯಲ್ಲಿಯೂ ಸೆರೆಯಲ್ಲಿಯೂ ಬಹಳ ಮಂದಿ ಸತ್ತರು, ಉಳಿದವರಿಗೆ ಬಿಡುಗಡೆಯಾದದ್ದು 1799ರಲ್ಲಿ. ನನ್ನ ಅಜ್ಜಿಯ ತವರು ಬಂಟ್ವಾಳದ ಕಡೆಯದಾದ್ದರಿಂದ ಈ ಕಥೆಯನ್ನು ಮನೆಯಲ್ಲಿ ಕೇಳಿಯೇ ಬೆಳೆದೆ. ಸೆರೆಹೋದವರ ಸಂಖ್ಯೆಯನ್ನು ಮೂವತ್ತು ಸಾವಿರದಿಂದ ಎಂಬತ್ತು ಸಾವಿರದವರೆಗೆ ಬೇರೆ ಬೇರೆ ಮೂಲಗಳು ಬೇರೆ ಬೇರೆಯಾಗಿ ಹೇಳುತ್ತವೆ. ಒಳ್ಳೆಯ ಪುಸ್ತಕ ಈ ಭಿನ್ನತೆಯನ್ನು ಹೇಳುತ್ತದೆ. ಇಂಗ್ಲಿಷರಿಗೆ ಇವರು ನೆರವಾದರೆಂಬ ಟಿಪ್ಪುವಿನ ಶಂಕೆಯನ್ನು ಹೇಳುತ್ತದೆ. 1791ರಲ್ಲಿ ಮರಾಠಾ ಪಡೆಯವರು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಅದೇ ಟಿಪ್ಪು ಮಠಕ್ಕೆ ನೆರವು ಕಳುಹಿಸಿದ್ದನ್ನೂ ಹೇಳುತ್ತದೆ. ನಮ್ಮವರ ನೋವನ್ನು ಹೇಳದ ಪುಸ್ತಕ ನನಗೆ ಬೇಡ. ಆ ನೋವನ್ನು ಹಿಡಿದುಕೊಂಡು ಇಂದಿನ ಮುಸಲ್ಮಾನ ನೆರೆಯವರ ಮೇಲೆ ಮಕ್ಕಳಲ್ಲಿ ಕಹಿ ತುಂಬುವ ಪುಸ್ತಕ ಇನ್ನೂ ಬೇಡ.

ಹರಿಹರದ ಒಬ್ಬ ತಾಯಿ ನನ್ನನ್ನು ಕೇಳಿದ್ದುಂಟು: "ಅಕ್ಕಾ, ಇದನ್ನೆಲ್ಲ ಮಕ್ಕಳಿಗೆ ಹೇಳಿದರೆ ಅವರ ವಿಶ್ವಾಸ ಅಲುಗಾಡುವುದಿಲ್ಲವೇ?" ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಇದಕ್ಕೆ ಉತ್ತರ ನಮ್ಮ ಧರ್ಮಸಭೆಯಲ್ಲಿಯೇ ಇದೆ. ಜಗದ್ಗುರು ಹದಿಮೂರನೇ ಲಿಯೋ ಅವರು 1881ರಲ್ಲಿ ವ್ಯಾಟಿಕನ್ನಿನ ಪತ್ರಾಗಾರವನ್ನು ವಿದ್ವಾಂಸರಿಗೆ ತೆರೆದರು. 1883ರ ಒಂದು ಪತ್ರದಲ್ಲಿ, ಇತಿಹಾಸಕಾರನು ಸುಳ್ಳು ಹೇಳುವ ಧೈರ್ಯ ಮಾಡಬಾರದು, ನಿಜ ಹೇಳಲು ಹೆದರಲೂ ಬಾರದು ಎಂಬ ಹಳೆಯ ರೋಮನ್ ನಿಯಮವನ್ನೇ ಇತಿಹಾಸಕಾರರಿಗೆ ನೆನಪಿಸಿದರು. ಮನೆಯಲ್ಲಿ ನಮ್ಮ ಬಾಯಿಂದ, ನಮ್ಮ ಪ್ರಾರ್ಥನೆಯ ವಾತಾವರಣದಲ್ಲಿ ಕೇಳಿದ ಮಗುವಿಗೆ ಇದನ್ನು ತಡೆದುಕೊಳ್ಳುವ ಶಕ್ತಿ ಬರುತ್ತದೆ. ಕಾಲೇಜಿನಲ್ಲಿ ಮೊದಲ ಬಾರಿಗೆ ಬೇರೆಯವರಿಂದ ಕೇಳಿದಾಗ, ಅಪ್ಪ ಅಮ್ಮ ಇದನ್ನು ಬಚ್ಚಿಟ್ಟಿದ್ದರು ಎಂಬ ಅನುಮಾನವೂ ಜೊತೆಗೆ ಬರುತ್ತದೆ.

ಪುಸ್ತಕದ ಶೀರ್ಷಿಕೆಪುಟದ ಹಿಂಬದಿಯ ಮುದ್ರಣಪುಟದಲ್ಲಿ 'ನಿಹಿಲ್ ಒಬ್‌ಸ್ಟಾಟ್', 'ಇಂಪ್ರಿಮಾಟುರ್' ಎಂಬ ಲ್ಯಾಟಿನ್ ಪದಗಳಿದ್ದರೆ ಹಲವು ತಂದೆತಾಯಂದಿರು ಅಲ್ಲಿಗೇ ನಿಶ್ಚಿಂತರಾಗುತ್ತಾರೆ. ಪುಸ್ತಕದಲ್ಲಿ ವಿಶ್ವಾಸಕ್ಕೂ ನೀತಿಗೂ ವಿರುದ್ಧವಾದದ್ದು ಇಲ್ಲ, ಇದನ್ನು ಮುದ್ರಿಸಬಹುದು ಎಂಬುದಷ್ಟೇ ಧರ್ಮಾಧ್ಯಕ್ಷರ (ಬಿಷಪ್ಪರ) ಆ ಅನುಮತಿಯ ಅರ್ಥ. ಇಸವಿಗಳು ಸರಿಯಾಗಿವೆ, ತೀರ್ಮಾನಗಳು ನ್ಯಾಯವಾಗಿವೆ ಎಂಬುದಕ್ಕೆ ಅದು ಖಾತರಿಯಲ್ಲ. ಹಾಗೆಯೇ ಬೇರೆ ಧರ್ಮದವರ ಬಗ್ಗೆ ಬಳಸಿದ ಮಾತುಗಳನ್ನೂ ನೋಡುತ್ತೇನೆ. ಲಿಂಗಾಯತರು, ಮುಸಲ್ಮಾನರು, ನಾಯಕರು, ಜೈನರು ಒಂದೇ ಬೀದಿಯಲ್ಲಿರುವ ಊರು ನಮ್ಮದು. ಹರಿಹರದಲ್ಲಿ ಹೊಯ್ಸಳರ ಕಾಲದ ಹರಿಹರೇಶ್ವರ ದೇವಾಲಯವೂ ಇದೆ, ಆರೋಗ್ಯ ಮಾತೆಯ ಪುಣ್ಯಕ್ಷೇತ್ರವೂ ಇದೆ. ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲ ಎಂದು ಧರ್ಮಾಧ್ಯಕ್ಷರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಘೋಷಿಸಿತು. ಅದಕ್ಕೂ ಹಿಂದಿನ ಕೆಲವು ಪುಸ್ತಕಗಳ ಮರುಮುದ್ರಣಗಳಲ್ಲಿ ಕ್ರೈಸ್ತರಲ್ಲದವರೆಲ್ಲ ಕತ್ತಲಲ್ಲಿ ಇದ್ದವರು ಎಂಬ ಧಾಟಿ ಇರುತ್ತದೆ. ಅಂಥವನ್ನು ದೊಡ್ಡವರು ಓದಬಹುದು. ಹತ್ತು ವರ್ಷದ ಮಗುವಿಗೆ ಕೊಡುವುದಿಲ್ಲ.

ಎರಡು ಬಗೆಯ ಪುಸ್ತಕಗಳನ್ನು ಬೆಸೆಯುವುದಕ್ಕೆ ನಮಗೆ ಸಿಕ್ಕ ದೊಡ್ಡ ನೆರವು ನಮ್ಮ ಸೀಮೆಯ ನೆಲವೇ. ಚಿತ್ರದುರ್ಗದ ಮಗ್ಗುಲಲ್ಲಿರುವ ಚಂದ್ರವಳ್ಳಿಯ ಉತ್ಖನನಗಳಲ್ಲಿ ರೋಮಿನ ಆಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿನಾಣ್ಯಗಳು ದೊರೆತಿವೆ. ಲೂಕನ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಆಗಸ್ಟಸನ ಹೆಸರಿದೆ, ಮೂರನೆಯ ಅಧ್ಯಾಯದ ಮೊದಲ ವಚನದಲ್ಲಿ ಟೈಬೀರಿಯಸನ ಹೆಸರಿದೆ. ಮಕ್ಕಳಿಗೆ ಮೊದಲು ಆ ವಚನವನ್ನು ಓದಿಸಿ, ಬಳಿಕ ನಾಣ್ಯದ ಚಿತ್ರವನ್ನು ತೋರಿಸಿ, ಅಲ್ಲಿಂದ ಅರಬ್ಬೀ ಸಮುದ್ರದ ವ್ಯಾಪಾರ, ಶಾತವಾಹನರು ಎಂದು ಮುಂದುವರಿದಾಗ, ಅಮೆರಿಕದ ಪುಸ್ತಕದ ರೋಮ್ ಮತ್ತು ರಾಜ್ಯದ ಪಠ್ಯದ ಚಂದ್ರವಳ್ಳಿ ಒಂದೇ ಪಾಠವಾದವು. ನನ್ನ ಮಗಳು ಆ ಇಂಗ್ಲಿಷ್ ಪುಸ್ತಕದ ರೋಮನ್ ಸಾಮ್ರಾಜ್ಯದ ನಕಾಶೆಯ ಅಂಚಿನಾಚೆ, ಖಾಲಿ ಜಾಗದಲ್ಲಿ, ಪೆನ್ಸಿಲಿನಿಂದ ಚಿತ್ರದುರ್ಗವನ್ನು ಗುರುತಿಸಿದ್ದಾಳೆ.

ಅದೇ ಚಂದ್ರವಳ್ಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನು ಕೆರೆ ಕಟ್ಟಿಸಿದ್ದನ್ನು ಹೇಳುವ ಪ್ರಾಕೃತ ಶಾಸನವಿದೆ; ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಶಾಸನತಜ್ಞ ಬಿ. ಎಲ್. ರೈಸ್ ಅವರು 1892ರಲ್ಲಿ ಪತ್ತೆಮಾಡಿದ ಅಶೋಕನ ಶಾಸನವಿದ್ದು, ಅದರ ಕೊನೆಯಲ್ಲಿ ಅದನ್ನು ಬರೆದ ಲಿಪಿಕಾರ ಚಪಡನ ಹೆಸರೂ ಇದೆ. ಕಲ್ಲಿನ ಮೇಲಿನ ಸಾಕ್ಷ್ಯ ಹೇಗಿರುತ್ತದೆ ಎಂಬುದನ್ನು ಕಂಡ ಮಕ್ಕಳಿಗೆ, ಜನರ ಬಾಯಿಂದ ಬಂದ ಪರಂಪರೆ ಬೇರೆ ಬಗೆಯದು ಎಂಬುದನ್ನು ವಿವರಿಸುವುದು ಸುಲಭ. ಒನಕೆ ಓಬವ್ವನ ಶೌರ್ಯ ದುರ್ಗದ ಜನ ತಲೆಮಾರುಗಳಿಂದ ಹೇಳಿಕೊಂಡು ಬಂದದ್ದು. 1779ರಲ್ಲಿ ಹೈದರಾಲಿ ಕೋಟೆಯನ್ನು ಗೆದ್ದದ್ದು ದಾಖಲೆಗಳಲ್ಲಿ ಇರುವುದು. ಸಂತ ತೋಮಸರು ಕ್ರಿ.ಶ. 52ರಲ್ಲಿ ಮಲಬಾರಿಗೆ ಬಂದರೆಂಬುದು ಕೇರಳದ ಕ್ರೈಸ್ತರ ಗಟ್ಟಿಯಾದ ಪರಂಪರೆ. ಓಬವ್ವನಿಗೆ ಒಂದು ಅಳತೆ, ತೋಮಸರಿಗೆ ಇನ್ನೊಂದು ಅಳತೆ ಎಂದು ಮಾಡುವ ಪುಸ್ತಕ, ಅದು ಯಾರದೇ ಆಗಿರಲಿ, ನಮ್ಮ ಕಪಾಟಿಗೆ ಬರುವುದಿಲ್ಲ. ಎರಡನ್ನೂ ಗೌರವದಿಂದ ಹೇಳಿ, ಎರಡಕ್ಕೂ ಆಧಾರ ಎಂಥದು ಎಂದು ತಿಳಿಸಬೇಕು.

ವಯಸ್ಸಿನ ಬಗ್ಗೆ ಹೇಳುವುದಾದರೆ, ಹತ್ತರೊಳಗಿನವರಿಗೆ ಸಂತರ ಜೀವನಚರಿತ್ರೆಗಳು, ನಾಡಿನ ಅರಸರ ಕಥೆಗಳು ಸಾಕು. ಹತ್ತರಿಂದ ಹದಿಮೂರರವರೆಗೆ ಒಂದು ಕಾಲಘಟ್ಟಕ್ಕೆ ಎರಡು ಪುಸ್ತಕ ಜೊತೆಯಾಗಿ ಓದಿಸುತ್ತೇನೆ. ವಿಜಯನಗರಕ್ಕೆ ಬಂದಾಗ ರಾಜ್ಯದ ಪಠ್ಯದ ಪಕ್ಕದಲ್ಲಿ 1520ರ ಸುಮಾರಿಗೆ ಹಂಪಿಯನ್ನು ಕಂಡು ಬರೆದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್‌ನ ವರ್ಣನೆಯ ಭಾಗಗಳನ್ನೂ ಇಟ್ಟೆ. ಹದಿನಾಲ್ಕು ತುಂಬಿದವರು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಹತ್ತನೆಯ ತರಗತಿಗೆ ನೋಂದಾಯಿಸಿಕೊಳ್ಳಬಹುದಾದ್ದರಿಂದ, ಆಗ ಅದರ ಸಮಾಜ ವಿಜ್ಞಾನ ಪಠ್ಯವೇ ಮುಖ್ಯ, ಉಳಿದವು ಪೂರಕ.

ಆಮದಾದ ಪುಸ್ತಕಗಳು ದುಬಾರಿಯಾದ್ದರಿಂದ ನಾವು ಕೆಲವು ಕುಟುಂಬಗಳು ಸೇರಿ ಒಂದೊಂದು ಪ್ರತಿಯನ್ನು ಕೊಂಡು ಸುತ್ತಿಸುತ್ತೇವೆ. ಓದಿ ಮುಗಿಸಿದವರು ಒಳಗೆ ಒಂದು ಚೀಟಿ ಇಡಬೇಕೆಂಬುದು ನಮ್ಮ ಕಟ್ಟಳೆ: ಯಾವ ಪುಟದಲ್ಲಿ ಏನು ಬಿಟ್ಟುಹೋಗಿದೆ, ಯಾವುದನ್ನು ಇನ್ನೊಂದು ಪುಸ್ತಕದೊಡನೆ ಹೋಲಿಸಿ ಓದಬೇಕು, ಯಾವುದನ್ನು ತಂದೆತಾಯಿ ಪಕ್ಕದಲ್ಲಿ ಕುಳಿತು ಓದಿಸಬೇಕು ಎಂದು ಅದರಲ್ಲಿ ಬರೆದಿರುತ್ತದೆ. ಕನ್ನಡದಲ್ಲಿ, ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ತಕ್ಕ ಹಾಗೆ, ಕರ್ನಾಟಕದ ಕಥೋಲಿಕರ ಇತಿಹಾಸವನ್ನು ಹೇಳುವ ಪುಸ್ತಕ ನಮ್ಮ ಕೈಗೆ ಇನ್ನೂ ಬಂದಿಲ್ಲ. ಈ ಮಳೆಗಾಲದಿಂದ ಆ ಚೀಟಿಗಳನ್ನು ಆಧಾರವಾಗಿಟ್ಟುಕೊಂಡು ಅಧ್ಯಾಯಕ್ಕೆ ಎರಡು ಪುಟದಂತೆ ಪಾಠದ ಹಾಳೆಗಳನ್ನು ಬರೆಯುತ್ತಿದ್ದೇವೆ. 1784ರ ಅಧ್ಯಾಯ ನನ್ನ ಪಾಲಿಗೆ ಬಂದಿದೆ.