ನಾಲ್ಕು ಜನರ ಬಾಡಿಗೆ ಮನೆಗೆ ಬೆಕ್ಕಿನ ಮರಿ ಬಂದರೆ

ಬೆಂಗಳೂರಲ್ಲಿ ಸ್ನೇಹಿತರು ಸೇರಿ ಮಾಡಿದ ಬಾಡಿಗೆ ಮನೆಗಳಿಗೆ ಬೆಕ್ಕಿನ ಮರಿ ಬರುವುದು ಹೆಚ್ಚಾಗಿ ಹೇಳದೆ ಕೇಳದೆ. ಪಾರ್ಕಿಂಗಲ್ಲಿ ಸ್ಕೂಟರ್ ಕೆಳಗೆ ಕಿರುಚುತ್ತಿರುತ್ತದೆ, ಮಳೆ ಬೇರೆ, ಯಾರೋ ಒಬ್ಬರು ಎತ್ತಿಕೊಂಡು ಬರುತ್ತಾರೆ. ಎಲ್ಲರೂ ಮುದ್ದು ಮಾಡುತ್ತಾರೆ, ಹೆಸರಿಡುತ್ತಾರೆ. ತೊಂದರೆ ಶುರುವಾಗುವುದು ಆಮೇಲೆ. ಅವರು ಊಟ ಹಾಕಿರಬೇಕು ಅಂತ ಇವರು, ಇವರು ಹಾಕಿರಬೇಕು ಅಂತ ಅವರು ಸುಮ್ನಿರುತ್ತಾರೆ. ಇಲ್ಲಾಂದ್ರೆ ನಾಲ್ಕೂ ಜನ ಹಾಕಿ ಮರಿಗೆ ಭೇದಿ ಶುರುವಾಗುತ್ತದೆ. ಆದ್ದರಿಂದ ಮೊದಲು ಮನುಷ್ಯರ ಮಾತುಕತೆ ಮುಗಿಸಿಕೊಳ್ಳಿ, ಆಮೇಲೆ ಮಿಕ್ಕಿದ್ದು.

ಒಬ್ಬರು ಮುಂದೆ ಬಂದು "ಇದು ನನ್ನ ಜವಾಬ್ದಾರಿ" ಅನ್ನಬೇಕು. ಉಳಿದವರು ಸಹಾಯ ಮಾಡಲಿ, ದುಡ್ಡು ಹಂಚಿಕೊಳ್ಳಲಿ, ಆದರೆ ಡಾಕ್ಟರ ಹತ್ತಿರ ಹೋಗುವುದು, ಲಸಿಕೆ ಪುಸ್ತಕ ಇಟ್ಟುಕೊಳ್ಳುವುದು, ಮನೆ ಖಾಲಿ ಮಾಡುವಾಗ ಜೊತೆಗೆ ಕರೆದುಕೊಂಡು ಹೋಗುವುದು ಒಬ್ಬರದ್ದೇ ಕೆಲಸ. ನಮ್ಮ ಬಾಡಿಗೆ ಕರಾರು 11 ತಿಂಗಳದ್ದು, ಮನೆಯೊಳಗೇ ಬೆಳೆದ ಬೆಕ್ಕು 15 ವರ್ಷ ಬದುಕಬಹುದು. ಆ ಲೆಕ್ಕ ಹಾಕಿಯೇ ಒಪ್ಪಿಕೊಳ್ಳಿ. ಮನೆಯಲ್ಲಿ ಯಾರಿಗಾದರೂ ಅಸ್ತಮಾ, ಅಲರ್ಜಿ ಇದ್ದರೆ, ಇಲ್ಲವೇ ಬೆಕ್ಕು ಕಂಡರೆ ನಿಜವಾಗಿಯೂ ಭಯವಿದ್ದರೆ ಅವರ ಮಾತಿಗೆ ಬೆಲೆ ಕೊಡಿ. ಅವರ ರೂಮಿನ ಬಾಗಿಲು ಯಾವಾಗಲೂ ಮುಚ್ಚಿರಲಿ. ಓನರಿಗೂ ಮುಚ್ಚಿಡದೆ ಹೇಳಿಬಿಡಿ. ಅಪಾರ್ಟ್‌ಮೆಂಟ್ ಸಂಘದವರು ಸಾಕುಪ್ರಾಣಿಗಳನ್ನು ನಿಷೇಧಿಸುವ ಹಾಗಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಮಾರ್ಗಸೂಚಿ ಕೊಟ್ಟಿದೆ, ಆದರೆ ಓನರ್ ಜೊತೆಗಿನ ಕರಾರು ಬೇರೆ ವಿಷಯ.

ಮರಿಯನ್ನು ಇನ್ನೂ ಎತ್ತಿಲ್ಲ ಅಂದ್ರೆ ಸ್ವಲ್ಪ ತಡೆಯಿರಿ. ತಾಯಿ ಬೆಕ್ಕು ಜಾಗ ಬದಲಿಸುವಾಗ ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಹೋಗುತ್ತದೆ, ಆ ಹೊತ್ತಲ್ಲಿ ಉಳಿದ ಮರಿ ಒಂಟಿಯಾಗಿ ಕೂಗುತ್ತಿರುತ್ತದೆ. ಮರಿಗೆ ತಕ್ಷಣದ ಅಪಾಯ ಇಲ್ಲದಿದ್ದರೆ ದೂರ ನಿಂತು ನೋಡಿ. ತಾಯಿ ಬರಲೇ ಇಲ್ಲ ಅಂದರೆ ಮಾತ್ರ ಒಳಗೆ ತನ್ನಿ. ತಂದ ಮೇಲೆ ಮುಟ್ಟಿ ನೋಡಿ, ಮೈ ತಣ್ಣಗಿದ್ದರೆ ಮೊದಲು ಬೆಚ್ಚಗೆ ಮಾಡಿ, ಆಮೇಲೆ ಹೊಟ್ಟೆಗೆ. ತಣ್ಣಗಿರುವ ಮರಿಗೆ ಜೀರ್ಣಿಸಿಕೊಳ್ಳುವ ಶಕ್ತಿ ಇರುವುದಿಲ್ಲ. ಬಾಟಲಿಗೆ ಬಿಸಿನೀರು ತುಂಬಿ ಟವೆಲ್ ಸುತ್ತಿ ಪಕ್ಕದಲ್ಲಿಟ್ಟರೆ ಸಾಕು. ಬಿಸಿ ಹೆಚ್ಚೆನಿಸಿದರೆ ಮರಿ ದೂರ ಸರಿಯಲು ಅದನ್ನಿಟ್ಟ ಪೆಟ್ಟಿಗೆಯಲ್ಲಿ ಜಾಗ ಇರಲಿ.

ಹಸುವಿನ ಹಾಲು ಬೇಡ. ಬೆಕ್ಕಿಗೆ ಹಾಲು ಅನ್ನುವುದು ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ, ಆದರೆ ಹಸುವಿನ ಹಾಲಿನಿಂದ ಎಷ್ಟೋ ಮರಿಗಳಿಗೆ ಭೇದಿ ಆಗುತ್ತದೆ, ಅಷ್ಟು ಚಿಕ್ಕ ಮೈಯಿಂದ ನೀರು ಹೋದರೆ ಬೇಗ ಸೋತುಹೋಗುತ್ತವೆ. ನಾಲ್ಕು ವಾರಕ್ಕಿಂತ ಚಿಕ್ಕ ಮರಿಗೆ ಬೆಕ್ಕಿನ ಮರಿಗೆಂದೇ ಮಾಡಿದ ಹಾಲಿನ ಪುಡಿ ಸಿಗುತ್ತದೆ, ಅದನ್ನೇ ಕೊಡಿ. ಮಗುವಿನ ಹಾಗೆ ಅಂಗಾತ ಮಲಗಿಸಿ ಕುಡಿಸಬೇಡಿ, ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಹೊಟ್ಟೆ ಕೆಳಗಾಗಿಯೇ ಇರಲಿ. ಇಷ್ಟು ಚಿಕ್ಕ ಮರಿಗೆ ರಾತ್ರಿಯೂ ಎರಡು ಮೂರು ಗಂಟೆಗೊಮ್ಮೆ ಎದ್ದು ಕುಡಿಸಬೇಕು, ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಬಾಲದ ಕೆಳಗೆ ಮೆಲ್ಲಗೆ ಒರೆಸಿ ಉಚ್ಚೆ ಮಾಡಿಸಬೇಕು. ಇಲ್ಲಿ ಮಾತ್ರ ನಾಲ್ಕು ಜನ ಇರುವುದು ದೊಡ್ಡ ವರ. ಪಾಳಿ ಹಾಕಿಕೊಳ್ಳಿ.

ಎಂಟು ವಾರದ ಮರಿ ಆದರೆ ಕೆಲಸ ಸುಲಭ. ಮರಿಗಳಿಗೆಂದೇ ಇರುವ ಒಣ ಆಹಾರ, ದಿನಕ್ಕೆ ನಾಲ್ಕು ಸಲ, ಸ್ವಲ್ಪ ಸ್ವಲ್ಪ. ಬೆಳಗ್ಗೆಯೇ ದಿನದ ಅಳತೆ ತೆಗೆದು ಒಂದು ಡಬ್ಬಿಗೆ ಹಾಕಿಡಿ, ಯಾರೇ ಹಾಕಿದರೂ ಆ ಡಬ್ಬಿಯಿಂದಲೇ ಹಾಕಲಿ. ಡಬ್ಬಿ ನೋಡಿದರೆ ಮರಿ ತಿಂದಿದೆಯೋ ಇಲ್ಲವೋ ಗೊತ್ತಾಗುತ್ತದೆ, ವಾಟ್ಸಾಪ್ ಗ್ರೂಪಲ್ಲಿ ಕೇಳುತ್ತಾ ಕೂರಬೇಕಿಲ್ಲ. ಇನ್ನು ಬೆಕ್ಕಿಗೆ ಮೊಸರನ್ನ ಹಾಕುವ ವಿಷಯ. ಬೆಕ್ಕು ಮಾಂಸಾಹಾರಿ, ಟೌರಿನ್ ಅನ್ನುವ ಅಂಶ ಅದರ ಊಟದಲ್ಲಿ ಇರಲೇಬೇಕು. ಅದಿಲ್ಲದಿದ್ದರೆ ಕಾಲಕ್ರಮೇಣ ಕಣ್ಣು, ಹೃದಯ ಕೆಡುತ್ತವೆ. ಮೊಸರನ್ನದಲ್ಲಿ ಬೇಕಾದಷ್ಟು ಸಿಗುವುದಿಲ್ಲ. ಅಡುಗೆಮನೆಗೆ ಮಾಂಸ ತರದ ಮನೆಯಾದರೆ ಪ್ಯಾಕೆಟ್ ಆಹಾರವೇ ಒಳ್ಳೆಯ ದಾರಿ, ತಟ್ಟೆ ಬಟ್ಟಲು ಬೇರೆ ಇಡಿ, ಯಾರಿಗೂ ಕಸಿವಿಸಿ ಆಗುವುದಿಲ್ಲ.

ಮೊದಲ ಕೆಲವು ದಿನ ಒಂದೇ ರೂಮಲ್ಲಿ ಇಡಿ. ಇಡೀ ಮನೆ ಬಿಟ್ಟರೆ ಮರಿ ಫ್ರಿಜ್ಜಿನ ಹಿಂದೆಯೋ ಮಂಚದ ಪೆಟ್ಟಿಗೆಯೊಳಗೋ ಸೇರಿಕೊಳ್ಳುತ್ತದೆ, ಸಿಗುವುದಿಲ್ಲ. ಒಂದು ಮೂಲೆಯಲ್ಲಿ ನೀರು ಊಟ, ದೂರದ ಮೂಲೆಯಲ್ಲಿ ಹೇಲು ಉಚ್ಚೆಗೆ ಲಿಟರ್ ತಟ್ಟೆ. ಪ್ಲಾಸ್ಟಿಕ್ ಟಬ್ಬಲ್ಲಿ ಮರಳು ಹಾಕಿದರೂ ನಡೆಯುತ್ತದೆ, ಅಂಚು ತಗ್ಗಾಗಿರಬೇಕು. ಮರಿ ಊಟ ಮಾಡಿದ ತಕ್ಷಣ ಅದರಲ್ಲಿ ಕೂರಿಸಿ, ಬೇಗ ಕಲಿಯುತ್ತದೆ. ದಿನಾ ತೆಗೆಯಿರಿ. ಮನೆಯಲ್ಲಿ ಬಸುರಿ ಹೆಂಗಸರು ಇದ್ದರೆ ಆ ಕೆಲಸ ಅವರಿಗೆ ಬೇಡ, ಬೆಕ್ಕಿನ ಹೇಲಿನಿಂದ ಹರಡಬಹುದಾದ ಟಾಕ್ಸೊಪ್ಲಾಸ್ಮಾ ಸೋಂಕಿನಿಂದ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ.

ಅಪಾಯದ ವಸ್ತುಗಳ ಬಗ್ಗೆ ಮನೆಯ ಪ್ರತಿಯೊಬ್ಬರಿಗೂ, ಕೆಲಸಕ್ಕೆ ಬರುವ ಅಕ್ಕನಿಗೂ ಕೂರಿಸಿಕೊಂಡು ಹೇಳಬೇಕು. ಮೊದಲನೆಯದು ಫಿನೈಲ್. ಒರೆಸಿದ ನೆಲದ ಮೇಲೆ ಮರಿ ಓಡಾಡುತ್ತದೆ, ಆಮೇಲೆ ಕೂತು ಒಂದೊಂದೇ ಬೆರಳು ಅಗಲಿಸಿ ಪಾದ ನೆಕ್ಕುತ್ತದೆ. ಫಿನಾಲ್ ಅಂಶವನ್ನು ಬೆಕ್ಕಿನ ಲಿವರ್ ಸರಿಯಾಗಿ ಹೊರಹಾಕಲಾರದು. ಸೋಪು ನೀರಲ್ಲಿ ಒರೆಸಿ, ಮತ್ತೆ ಬರೀ ನೀರಲ್ಲಿ ಒರೆಸಿದರೆ ಆಯಿತು. ಎರಡನೆಯದು ಪ್ಯಾರಾಸಿಟಮಾಲ್. ಮರಿಗೆ ಜ್ವರ ಅಂತ ಡೋಲೋ ಚೂರು ಮಾಡಿ ಕೊಡುವವರಿದ್ದಾರೆ, ಅಷ್ಟಕ್ಕೇ ಬೆಕ್ಕು ಸಾಯಬಹುದು. ನಾಯಿಗೆ ಹಾಕುವ ಪರ್ಮೆಥ್ರಿನ್ ಇರುವ ಚಿಗಟದ ಔಷಧಿಯೂ ಹಾಗೆಯೇ. ಹುಟ್ಟುಹಬ್ಬಕ್ಕೆ ಬರುವ ಹೂಗುಚ್ಛದಲ್ಲಿ ಲಿಲ್ಲಿ ಇದ್ದರೆ ಮನೆಯೊಳಗೇ ತರಬೇಡಿ, ಅದರ ಪರಾಗ ನೆಕ್ಕಿದರೂ ಕಿಡ್ನಿ ಹೋಗುತ್ತದೆ. ಇನ್ನೊಂದು ನಮ್ಮಲ್ಲಿ ಯಾರೂ ಯೋಚಿಸದ್ದು: ಮಲ್ಲಿಗೆ ಮಾಲೆಯ ದಾರ. ಬಾಡಿದ ಹೂ ತೆಗೆದು ಟೇಬಲ್ ಮೇಲೆ ಇಟ್ಟಿರುತ್ತೀರಿ, ಮರಿ ಎಳೆದು ಆಡುತ್ತಾ ನುಂಗಿಬಿಡುತ್ತದೆ, ದಾರ ಕರುಳಿಗೆ ಸಿಕ್ಕಿಕೊಂಡು ಕೊಯ್ಯುತ್ತದೆ. ಬಾಯಿಂದಲೋ ಹಿಂದಿನಿಂದಲೋ ದಾರ ಕಂಡರೆ ಎಳೆಯಲೇಬೇಡಿ, ಹಾಗೇ ಡಾಕ್ಟರ ಹತ್ತಿರ ಓಡಿ. ವಾಷಿಂಗ್ ಮೆಷಿನ್ ಹಾಕುವ ಮುಂಚೆ ಒಳಗೆ ಕೈಯಾಡಿಸಿ. ಬಾಲ್ಕನಿಗೆ ಪಾರಿವಾಳದ ನೆಟ್ ಇದ್ದರೆ ಕೆಳಗಿನ ಅಂಚು ಬಿಗಿಯಾಗಿದೆಯಾ ನೋಡಿಕೊಳ್ಳಿ.

ಆಟ ಆಡಿಸುವಾಗ ಕೈ ಬೆರಳು ಕೊಡಬೇಡಿ, ಕೋಲಿಗೆ ಬಟ್ಟೆ ಕಟ್ಟಿ ಆಡಿಸಿ, ಆಟ ಮುಗಿದ ಮೇಲೆ ಎತ್ತಿಡಿ. ಒಬ್ಬರು ತಮಾಷೆಗೆ ಕಚ್ಚಿಸಿಕೊಂಡರೂ ಸಾಕು, ದೊಡ್ಡದಾದ ಮೇಲೆ ಅದು ಎಲ್ಲರನ್ನೂ ಕಚ್ಚುತ್ತದೆ. ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ರಸ್ತೆಯಿಂದ ಬಂದ ಮರಿ, ರೇಬೀಸ್ ವಿಷಯದಲ್ಲಿ ಉದಾಸೀನ ಬೇಡವೇ ಬೇಡ.

ಮರಿ ಬಂದ ಒಂದೆರಡು ದಿನದಲ್ಲೇ ಡಾಕ್ಟರಿಗೆ ತೋರಿಸಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೂ ಬೆಕ್ಕು ನೋಡುತ್ತಾರೆ. ಜಂತುಹುಳದ ಔಷಧಿ ತೂಕ ನೋಡಿ ಕೊಡುತ್ತಾರೆ. ಮೊದಲ ಲಸಿಕೆ ಆರರಿಂದ ಎಂಟು ವಾರಕ್ಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರ ಆಗುವವರೆಗೆ. ರೇಬೀಸಿಂದು 12 ವಾರ ತುಂಬಿದ ಮೇಲೆ. ಈ ದಿನಾಂಕಗಳನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ. ಲಸಿಕೆ ಆಗದ ಮರಿ ವಾಂತಿ ಭೇದಿ ಮಾಡಿಕೊಂಡು ಮಂಕಾಗಿ ಕೂತರೆ ನಾಳೆ ನೋಡೋಣ ಅನ್ನಬೇಡಿ, ಪ್ಯಾನ್‌ಲ್ಯೂಕೋಪೀನಿಯಾ ಅನ್ನುವ ವೈರಸ್ ಕಾಯಿಲೆ ಆಗಿದ್ದರೆ ಒಂದೆರಡು ದಿನದಲ್ಲೇ ಜೀವ ಹೋಗಬಹುದು. ಆ ವೈರಸ್ ಮನೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಹಾಗಾಗಿ ಮುಂದೆ ತರುವ ಮರಿಗೂ ಅಪಾಯ.

ಸಂತಾನಹರಣ ಆಪರೇಷನ್ ನಾಲ್ಕರಿಂದ ಆರು ತಿಂಗಳ ಒಳಗೆ ಮಾಡಿಸಿ. ಹೆಣ್ಣು ಮರಿ ನಾಲ್ಕು ತಿಂಗಳಿಗೇ ಬೆದೆಗೆ ಬರಬಹುದು, ಗಬ್ಬವಾದರೆ ಅಲ್ಲಿಂದ ಸುಮಾರು ಒಂಬತ್ತು ವಾರಕ್ಕೆ ಮರಿ ಹಾಕುತ್ತದೆ. ಖರ್ಚಿಗೆ ಈಗಿನಿಂದಲೇ ತಿಂಗಳಿಗೆ ಇಷ್ಟು ಅಂತ ಎತ್ತಿಡಿ. ಆಪರೇಷನ್ ಆದ ಮೇಲೆ ಕುತ್ತಿಗೆಗೆ ಹಾಕಿದ ಕಾಲರ್ ನೋಡಿ ಯಾರಿಗಾದರೂ ಪಾಪ ಅನ್ನಿಸಿಯೇ ಅನ್ನಿಸುತ್ತದೆ. ಬಿಚ್ಚಿದರೆ ಅದು ಹೊಲಿಗೆ ನೆಕ್ಕಿ ಗಾಯ ಬಿಡಿಸಿಕೊಳ್ಳುತ್ತದೆ. ಡಾಕ್ಟರ್ ಹೇಳುವವರೆಗೂ ಯಾರೂ ಬಿಚ್ಚಬಾರದು, ಊರಿಂದ ಬಂದ ಅಮ್ಮ ಹೇಳಿದರೂ.