ಹಾಡಿನ ನಡುವೆ ಚಟಪಟ: ಮ್ಯೂಸಿಕ್ ಕಂಪ್ಯೂಟರ್ ಅಪ್‌ಗ್ರೇಡ್ ಮಾಡುವುದು ಹೇಗೆ?

ಹನ್ನೆರಡು ಟ್ರ್ಯಾಕ್‌ವರೆಗೆ ಎಲ್ಲ ಸರಿಯಾಗಿರುತ್ತದೆ. ಹದಿಮೂರನೆಯದಾಗಿ ಒಂದು ಪಿಯಾನೊ ಸೇರಿಸಿ, ಅದಕ್ಕೊಂದು ರಿವರ್ಬ್ (ಪ್ರತಿಧ್ವನಿಯ ಎಫೆಕ್ಟ್) ಹಾಕುತ್ತೀರಿ. ಸ್ಪೀಕರ್‌ನಲ್ಲಿ ಚಟಪಟ ಶುರು. ಇನ್ನೊಂದು ಟ್ರ್ಯಾಕ್ ಸೇರಿಸಿದರೆ ಹಾಡೇ ನಿಂತುಹೋಗುತ್ತದೆ. ಆಗ ಹೆಚ್ಚಿನವರು ಮಾಡುವ ಕೆಲಸ ಒಂದೇ: ಓಡಿ ಹೋಗಿ ರ‍್ಯಾಮ್ ತರುವುದು.

ನನ್ನ ಪರಿಚಯದವರೊಬ್ಬರೂ ಹಾಗೇ ಮಾಡಿದರು. 16 ಜಿಬಿ ಇದ್ದದ್ದನ್ನು 64 ಜಿಬಿ ಮಾಡಿಸಿದರು. ಚಟಪಟ ಮಾತ್ರ ಇದ್ದಲ್ಲೇ ಇತ್ತು. ಪಕ್ಕದಲ್ಲಿ ಕೂತು ಒಂದು ಗಂಟೆ ನೋಡಿದ ಮೇಲೆ ಗೊತ್ತಾಯಿತು, ತೊಂದರೆ ಇದ್ದದ್ದು ವೈಫೈ ಡ್ರೈವರ್‌ನಲ್ಲಿ, ಅಂದರೆ ವೈಫೈ ಭಾಗವನ್ನು ನಡೆಸುವ ಸಾಫ್ಟ್‌ವೇರ್‌ನಲ್ಲಿ. ವೈಫೈ ಆಫ್ ಮಾಡಿದ್ದೇ ತಡ, ಹಾಡು ಸಲೀಸಾಗಿ ಹರಿಯಿತು. ಬಿಡಿಗಾಸಿನ ಖರ್ಚಿಲ್ಲದೆ ಆಗುವ ಕೆಲಸವಾಗಿತ್ತು ಅದು. ಇಂಥದ್ದನ್ನೇ ಇನ್ನೂ ಮೂರ್ನಾಲ್ಕು ಕಡೆ ನೋಡಿದೆ. ಅದಕ್ಕೇ ಹೇಳುತ್ತಿದ್ದೇನೆ, ಸ್ಕ್ರೂಡ್ರೈವರ್ ಆಮೇಲೆ. ಮೊದಲು ಒಂದು ಚೀಟಿ, ಒಂದು ಪೆನ್ನು ತೆಗೆದುಕೊಳ್ಳಿ.

ಹಂತ 1: ತೊಂದರೆ ಎಲ್ಲಿದೆ ಅಂತ ಹುಡುಕಿ

ಎಲ್ಲರೂ ಎಡವುವುದು ಇಲ್ಲೇ. ಇದಕ್ಕೆ ಒಂದು ಸಂಜೆ ಪೂರ್ತಿ ಕೊಡಿ.

ಮ್ಯೂಸಿಕ್ ಸಾಫ್ಟ್‌ವೇರ್ ಧ್ವನಿಯನ್ನು ಸಣ್ಣ ಸಣ್ಣ ಕಂತುಗಳಲ್ಲಿ ಕಳಿಸುತ್ತದೆ. ಆ ಕಂತಿನ ಅಳತೆಯೇ ಬಫರ್ ಸೈಜ್. ಸೆಕೆಂಡಿಗೆ 48,000 ಸ್ಯಾಂಪಲ್‌ನಂತೆ (ಧ್ವನಿಯ ಒಂದೊಂದು ಅಳತೆಯೂ ಒಂದು ಸ್ಯಾಂಪಲ್) ಕೆಲಸ ಮಾಡುತ್ತಾ ಬಫರ್ 128 ಸ್ಯಾಂಪಲ್ ಇಟ್ಟರೆ, ಒಂದು ಕಂತಿಗೆ ಸಿಗುವ ಸಮಯ ಸುಮಾರು 2.7 ಮಿಲಿಸೆಕೆಂಡ್. ಅಷ್ಟರೊಳಗೆ ಎಲ್ಲ ಟ್ರ್ಯಾಕ್‌ಗಳ, ಎಲ್ಲ ಪ್ಲಗಿನ್‌ಗಳ (ವಾದ್ಯ, ಎಫೆಕ್ಟ್ ಸೇರಿಸುವ ಪುಟ್ಟ ಸಾಫ್ಟ್‌ವೇರ್) ಲೆಕ್ಕ ಮುಗಿಯಬೇಕು. ಒಂದೇ ಒಂದು ಕಂತು ತಡವಾದರೂ ಆ ಜಾಗ ಖಾಲಿ. ಆ ಖಾಲಿಯೇ ನಮಗೆ ‘ಚಟ್’ ಅಂತ ಕೇಳಿಸುವುದು. ಬಫರ್ 1024 ಮಾಡಿದರೆ 21 ಮಿಲಿಸೆಕೆಂಡ್ ಸಿಗುತ್ತದೆ. ಕಂಪ್ಯೂಟರ್‌ಗೆ ಬಿಡುವು ಜಾಸ್ತಿ. ಆದರೆ ಕೀ ಒತ್ತಿದ ಎಷ್ಟೋ ಹೊತ್ತಿಗೆ ಸ್ವರ ಬಂದ ಹಾಗೆ ಅನ್ನಿಸುತ್ತದೆ, ನುಡಿಸಲು ಆಗುವುದಿಲ್ಲ.

ಈಗ ನಿಮ್ಮ ಅತಿ ಭಾರದ ಪ್ರಾಜೆಕ್ಟ್ ತೆರೆಯಿರಿ. ಚಟಪಟ ಬರುವ ಜಾಗ ಎಷ್ಟನೇ ಬಾರ್ ಅಂತ ಚೀಟಿಯಲ್ಲಿ ಬರೆದಿಡಿ. ಬಫರ್ 1024 ಮಾಡಿ ಅದೇ ಜಾಗ ಮತ್ತೆ ಕೇಳಿ. ಸದ್ದು ಹೋಯಿತಾ? ಹಾಗಾದರೆ ಬಹುಶಃ ನೀವು ಏನೂ ಕೊಳ್ಳಬೇಕಿಲ್ಲ. ರೆಕಾರ್ಡ್ ಮಾಡುವಾಗ 128 ಇಟ್ಟು ಭಾರದ ಪ್ಲಗಿನ್‌ಗಳನ್ನು ಆಫ್ ಮಾಡಿ. ಮಿಕ್ಸ್ ಮಾಡುವಾಗ 1024ಕ್ಕೆ ಬನ್ನಿ. ದಿನವಿಡೀ ಒಂದೇ ಬಫರ್‌ನಲ್ಲಿ ಒದ್ದಾಡುವವರನ್ನು ಎಷ್ಟು ಜನ ನೋಡಿದ್ದೇನೋ.

ಸದ್ದು ಹೋಗದಿದ್ದರೆ ಸಿಪಿಯು ನೋಡಿ. ಟಾಸ್ಕ್ ಮ್ಯಾನೇಜರ್ ತೆರೆದು ‘ಮೂವತ್ತು ಪರ್ಸೆಂಟ್ ಅಷ್ಟೇ ಇದೆಯಲ್ಲ’ ಅಂತ ಸಮಾಧಾನ ಪಡಬೇಡಿ. ಅದು ಸಿಪಿಯು ಒಳಗಿನ ಎಲ್ಲ ಕೋರ್‌ಗಳ (ಬೇರೆ ಬೇರೆಯಾಗಿ ಲೆಕ್ಕ ಮಾಡುವ ಘಟಕಗಳ) ಸರಾಸರಿ. ಒಂದು ಟ್ರ್ಯಾಕ್ ಮೇಲೆ ಸಾಲಾಗಿ ಆರು ಪ್ಲಗಿನ್ ಇದ್ದರೆ, ಒಂದರ ಕೆಲಸ ಮುಗಿದ ಮೇಲೇ ಇನ್ನೊಂದರದು ಶುರು. ಹಾಗಾಗಿ ಆ ಸಾಲು ಪೂರ್ತಿ ಸಾಮಾನ್ಯವಾಗಿ ಒಂದೇ ಕೋರ್ ಮೇಲೆ ಬೀಳುತ್ತದೆ. ಎಂಟು ಕೋರ್‌ಗಳಲ್ಲಿ ಒಂದು ಪೂರ್ತಿ ಸುಸ್ತಾದರೂ ಒಟ್ಟು ಲೆಕ್ಕದಲ್ಲಿ ಅದು ಬರೀ 12.5 ಪರ್ಸೆಂಟ್! ಗ್ರಾಫ್ ಮೇಲೆ ರೈಟ್ ಕ್ಲಿಕ್ ಮಾಡಿ ಲಾಜಿಕಲ್ ಪ್ರೊಸೆಸರ್ ನೋಟಕ್ಕೆ ಬದಲಿಸಿ. ಒಂದು ಚೌಕ ಮಾತ್ರ ಮೇಲಕ್ಕೆ ಮುಟ್ಟಿ ಉಳಿದವು ಕೆಳಗಿದ್ದರೆ, ಹೆಚ್ಚು ಕೋರ್ ಇರುವ ಸಿಪಿಯು ತಂದರೂ ಉಪಯೋಗವಿಲ್ಲ. ಒಂದೊಂದು ಕೋರೂ ವೇಗವಾಗಿರುವ ಸಿಪಿಯು ಬೇಕು. ಸಾಫ್ಟ್‌ವೇರ್‌ನೊಳಗೆ ಇರುವ ಮೀಟರ್ ಇನ್ನೂ ನಂಬಿಕಸ್ತ. ಅದರ ಅಂಕಿಯನ್ನೂ ಚೀಟಿಯಲ್ಲಿ ಬರೆಯಿರಿ.

ರ‍್ಯಾಮ್ ಪರೀಕ್ಷೆ ಸುಲಭ. ಪ್ರಾಜೆಕ್ಟ್ ಪೂರ್ತಿ ಲೋಡ್ ಆದ ಮೇಲೂ ಅರವತ್ತು ಪರ್ಸೆಂಟ್ ಮಾತ್ರ ತುಂಬಿದ್ದರೆ ತೊಂದರೆ ರ‍್ಯಾಮ್‌ನದ್ದಲ್ಲ. ತೊಂಬತ್ತು ದಾಟಿದ್ದರೆ ಹೌದು.

ಡಿಸ್ಕ್ ತನ್ನ ಗುಟ್ಟನ್ನು ತಾನೇ ಬಿಟ್ಟುಕೊಡುತ್ತದೆ. ಲೋಡ್ ಆದ ಮೇಲೆ ಮೊದಲ ಸಲ ಪ್ಲೇ ಮಾಡಿದಾಗ ತಡವರಿಸಿ, ಅದೇ ಜಾಗ ಎರಡನೇ ಸಲ ಸರಿಯಾಗಿ ಬಂದರೆ ಡಿಸ್ಕ್ ಮೇಲೇ ಅನುಮಾನ ಪಡಬೇಕು. ಒಮ್ಮೆ ಓದಿದ್ದು ರ‍್ಯಾಮ್‌ನಲ್ಲಿ ಉಳಿದಿರುತ್ತದೆ, ಅದಕ್ಕೇ ಎರಡನೇ ಸಲ ಸಲೀಸು.

ಇವು ಯಾವುದೂ ಅಲ್ಲವೆಂದಾದರೆ ಉಳಿಯುವುದು ಡ್ರೈವರ್. ವಿಂಡೋಸ್‌ನಲ್ಲಿ ಲೇಟೆನ್ಸಿಮಾನ್ ಎಂಬ ಉಚಿತ ಟೂಲ್ ಇದೆ. ಹತ್ತು ನಿಮಿಷ ಓಡಲು ಬಿಡಿ. ಯಾವ ಡ್ರೈವರ್ ಸಿಪಿಯುವನ್ನು ಹೆಚ್ಚು ಹೊತ್ತು ಹಿಡಿದಿಟ್ಟುಕೊಳ್ಳುತ್ತಿದೆ ಅಂತ ಹೆಸರು ಹಿಡಿದು ತೋರಿಸುತ್ತದೆ. ಎನ್‌ಡಿಐಎಸ್ ಅಂತ ಬಂದರೆ ನೆಟ್‌ವರ್ಕ್ ಕಡೆಯದು, ವೈಫೈ ಆಫ್ ಮಾಡಿ ನೋಡಿ. ಕೆಲವೊಮ್ಮೆ ಗ್ರಾಫಿಕ್ಸ್ ಡ್ರೈವರ್ ಸಿಕ್ಕಿಬೀಳುತ್ತದೆ. ಅದರ ಹೊಸ ಆವೃತ್ತಿ ಹಾಕಿ. ಅದರಿಂದಲೂ ಸರಿಹೋಗದಿದ್ದರೆ ಹಳೆಯದಕ್ಕೆ ಹಿಂತಿರುಗಿ. ಪವರ್ ಪ್ಲಾನ್ ಹೈ ಪರ್ಫಾರ್ಮೆನ್ಸ್ ಇರಲಿ. ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಇರಲಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಯೇ ಕೆಲಸ ಮಾಡಿ.

ಇಲ್ಲೇ ಒಂದು ಮಾತು. ಕಂಪ್ಯೂಟರ್‌ನಲ್ಲೇ ಬರುವ ಹೆಡ್‌ಫೋನ್ ಜ್ಯಾಕ್ ನಂಬಿಕೊಂಡು ಕೆಲಸ ಮಾಡುತ್ತಿದ್ದರೆ ಮೊದಲು ಒಂದು ಆಡಿಯೊ ಇಂಟರ್‌ಫೇಸ್ (ಮೈಕ್, ಸ್ಪೀಕರ್‌ಗಳನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ) ತನ್ನಿ. ಉಳಿದ ಯಾವ ಭಾಗಕ್ಕೂ ಅದಕ್ಕಿಂತ ಮೊದಲು ಹಣ ಹಾಕಬೇಡಿ. ಇಂಟರ್‌ಫೇಸ್ ತಯಾರಿಸಿದ ಕಂಪನಿಯದೇ ಎಎಸ್‌ಐಒ ಡ್ರೈವರ್ (ಧ್ವನಿ ತಡವಾಗದಂತೆ ನೋಡಿಕೊಳ್ಳುವ ಡ್ರೈವರ್) ಹಾಕಿಕೊಳ್ಳಿ. ಎಎಸ್‌ಐಒ4ಆಲ್ ಎಂಬ ಸಾಮಾನ್ಯ ಡ್ರೈವರ್ ಇಂಟರ್‌ಫೇಸ್ ಇಲ್ಲದವರಿಗೆ ಸರಿ. ಇರುವವರು ಅದನ್ನು ಹಾಕಿಕೊಂಡು ಯಾಕೆ ಕಷ್ಟಪಡುತ್ತಾರೋ, ನನಗೆ ಬೇಸರವಾಗುತ್ತದೆ. ಇನ್ನು ‘ರ‍್ಯಾಮ್ ಬೂಸ್ಟರ್’, ‘ಪಿಸಿ ಕ್ಲೀನರ್’ ಅಂತ ಬರುವ ಸಾಫ್ಟ್‌ವೇರ್‌ಗಳನ್ನು ಹತ್ತಿರವೂ ಸೇರಿಸಬೇಡಿ. ಹಿಂದೆ ಕೂತು ಓಡುತ್ತಾ ಅವೇ ಹೊರೆಯಾಗುತ್ತವೆ.

ಹಂತ 2: ತೆರೆಯುವ ಮೊದಲು

ಬ್ಯಾಕಪ್ ಮಾಡಿ. ಡಿಸ್ಕ್ ಅಳಿಸುವುದಿದ್ದರೆ ಅಥವಾ ಮದರ್‌ಬೋರ್ಡ್ ಬದಲಿಸುವುದಿದ್ದರೆ, ಕಂಪ್ಯೂಟರ್‌ಗೆ ಕಟ್ಟಿಹಾಕಿದ ಪ್ಲಗಿನ್ ಲೈಸೆನ್ಸ್‌ಗಳನ್ನು ಮೊದಲು ಡಿಆಕ್ಟಿವೇಟ್ ಮಾಡಿ. ಮಾಡದಿದ್ದರೆ ಹೊಸ ಬೋರ್ಡ್ ಹಾಕಿದ ದಿನವೇ ‘ಇದು ಬೇರೆ ಕಂಪ್ಯೂಟರ್‌ನಲ್ಲಿ ಬಳಕೆಯಲ್ಲಿದೆ’ ಅಂತ ಬಾಗಿಲು ಹಾಕಿಕೊಳ್ಳುತ್ತವೆ. ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಆನ್ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಬಯೋಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ಓಡುವ, ಬೋರ್ಡಿನ ಸ್ವಂತ ಸಾಫ್ಟ್‌ವೇರ್) ಕೈಯಾಡಿಸಿದಾಗ ಅದು ಕೀ ಕೇಳಬಹುದು. ಕ್ರ್ಯಾಕ್ ಮಾಡಿದ ಪ್ಲಗಿನ್‌ಗಳಿದ್ದರೆ ಈ ನೆಪದಲ್ಲಾದರೂ ತೆಗೆದುಹಾಕಿ. ಅವುಗಳ ಜೊತೆ ಏನು ಒಳಗೆ ಬಂದಿದೆಯೋ ಯಾರಿಗೂ ಗೊತ್ತಿರುವುದಿಲ್ಲ.

ಹಂತ 3: ರ‍್ಯಾಮ್

ಹಾಡು, ಬ್ಯಾಂಡ್, ಬೀಟ್ ಮಾಡುವವರಿಗೆ 16 ಜಿಬಿ ಕನಿಷ್ಠ, 32 ಜಿಬಿ ನೆಮ್ಮದಿ. ದೊಡ್ಡ ಆರ್ಕೆಸ್ಟ್ರಾ ಲೈಬ್ರರಿ (ವಾದ್ಯಗಳ ರೆಕಾರ್ಡ್ ಮಾಡಿದ ಸ್ವರಗಳ ಸಂಗ್ರಹ) ಬಳಸುವವರು ಮಾತ್ರ 64ರ ಬಗ್ಗೆ ಯೋಚಿಸಿ. ಡಿಡಿಆರ್4 ಬೋರ್ಡ್‌ಗೆ ಡಿಡಿಆರ್5 ಕೂರುವುದಿಲ್ಲ, ಕಚ್ಚಿನ ಜಾಗವೇ ಬೇರೆ. ಒಂದೇ ಪ್ಯಾಕಿನ ಎರಡು ಸ್ಟಿಕ್ ತನ್ನಿ. ನಾಲ್ಕು ಸ್ಲಾಟ್ ಇದ್ದರೆ ಸಾಮಾನ್ಯವಾಗಿ ಸಿಪಿಯು ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದು. ಬೋರ್ಡಿನ ಮ್ಯಾನ್ಯುಯಲ್ ಒಮ್ಮೆ ನೋಡಿ. ಎರಡೂ ತುದಿಗೆ ಹೆಬ್ಬೆರಳಿಟ್ಟು ಸಮನಾಗಿ ಒತ್ತಿ, ಕ್ಲಿಪ್ ‘ಕಟ್’ ಅನ್ನಬೇಕು. ಆಮೇಲೆ ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಸೆಟ್ಟಿಂಗ್ ಆನ್ ಮಾಡಿ. ಇದನ್ನು ಮರೆತವರ ರ‍್ಯಾಮ್ ಕೊಟ್ಟ ಹಣಕ್ಕೆ ತಕ್ಕ ವೇಗದಲ್ಲಿ ಓಡುವುದೇ ಇಲ್ಲ. ಬಣ್ಣದ ಲೈಟ್ ಹೊಳೆಯುವ ರ‍್ಯಾಮ್‌ಗೆ ಹೆಚ್ಚು ಹಣ ಕೊಡಬೇಡಿ, ಲೈಟ್‌ನಿಂದ ಸದ್ದು ಚೆನ್ನಾಗುವುದಿಲ್ಲ.

ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡ್‌ಗೇ ಬೆಸೆದಿರಬಹುದು, ಮೊದಲೇ ವಿಚಾರಿಸಿ. 2020ರಲ್ಲಿ ಎಂ1 ಬಂದಾಗಿನಿಂದ ಆಪಲ್‌ನ ತನ್ನದೇ ಚಿಪ್ ಇರುವ ಮ್ಯಾಕ್‌ಗಳಲ್ಲಿ ಆಮೇಲೆ ರ‍್ಯಾಮ್ ಸೇರಿಸಲು ಆಗುವುದಿಲ್ಲ. ಅದನ್ನು ಕೊಳ್ಳುವಾಗಲೇ ತೀರ್ಮಾನಿಸಬೇಕು.

ಹಂತ 4: ಎಸ್‌ಎಸ್‌ಡಿ, ಲೈಬ್ರರಿ ಸ್ಥಳಾಂತರ

ಕಾಂಟ್ಯಾಕ್ಟ್‌ನಂಥ ಸ್ಯಾಂಪ್ಲರ್‌ಗಳು (ಲೈಬ್ರರಿಯ ಸ್ವರಗಳನ್ನು ನುಡಿಸುವ ಸಾಫ್ಟ್‌ವೇರ್) ಪ್ರತಿ ಸ್ವರದ ಆರಂಭವನ್ನು ಮಾತ್ರ ರ‍್ಯಾಮ್‌ನಲ್ಲಿ ಇಟ್ಟುಕೊಂಡು, ಉಳಿದದ್ದನ್ನು ನುಡಿಸುವಾಗಲೇ ಡಿಸ್ಕ್‌ನಿಂದ ಎಳೆಯಬಲ್ಲವು. ತಿರುಗುವ ಹಾರ್ಡ್ ಡಿಸ್ಕ್‌ಗೆ ಒಂದು ಜಾಗದಿಂದ ಇನ್ನೊಂದಕ್ಕೆ ಹೋಗಲು ಸುಮಾರು 10 ಮಿಲಿಸೆಕೆಂಡ್ ಬೇಕು. ಹತ್ತು ಬೆರಳಿನಲ್ಲಿ ಹಲವು ಸ್ವರ ಒಟ್ಟಿಗೆ ನುಡಿಸಿ ಪೆಡಲ್ ಒತ್ತಿದರೆ ಅದು ಎಷ್ಟು ಕಡೆ ಓಡಬೇಕು ಯೋಚಿಸಿ. ಸೆಕೆಂಡಿಗೆ 550 ಎಂಬಿ ಓದುವ ಸಾಟಾ ಎಸ್‌ಎಸ್‌ಡಿ ಹಾಕಿದರೂ ಸಾಕು, ಕಂಪ್ಯೂಟರ್ ಹೊಸತಾದ ಹಾಗೆ ಆಗುತ್ತದೆ. ಎನ್‌ವಿಎಂಇ ಎಂಬ ಇನ್ನೊಂದು ಬಗೆಯ ಎಸ್‌ಎಸ್‌ಡಿ ಅದಕ್ಕಿಂತ ಎಷ್ಟೋ ಪಟ್ಟು ವೇಗ, ಆದರೆ ಲೈಬ್ರರಿಗೆ ಅದು ಕಡ್ಡಾಯವಲ್ಲ. ಎಂ.2 ಅನ್ನುವುದು ಆಕಾರದ ಹೆಸರು ಮಾತ್ರ. ಆ ಆಕಾರದಲ್ಲಿ ಸಾಟಾನೂ ಬರುತ್ತದೆ, ಎನ್‌ವಿಎಂಇನೂ ಬರುತ್ತದೆ. ನಿಮ್ಮ ಬೋರ್ಡ್ ಯಾವುದನ್ನು ಒಪ್ಪುತ್ತದೆ ಅಂತ ನೋಡಿಯೇ ತನ್ನಿ. ಕೆಲವು ಬೋರ್ಡ್‌ಗಳಲ್ಲಿ ಎಂ.2 ಬಳಸಿದರೆ ಒಂದೆರಡು ಸಾಟಾ ಪೋರ್ಟ್ ಬಂದ್ ಆಗುತ್ತವೆ. ಹಳೆಯ ಡಿಸ್ಕ್ ಕಾಣಿಸದೆ ಗಾಬರಿಯಾಗುವವರು ಇದಕ್ಕೇ.

ಜನ ತಪ್ಪು ಮಾಡುವ ಎರಡನೇ ಜಾಗ ಲೈಬ್ರರಿ ಸಾಗಿಸುವುದು. ಸುಮ್ನೆ ಕಟ್ ಮಾಡಿ ಹೊಸ ಡ್ರೈವ್‌ಗೆ ಪೇಸ್ಟ್ ಮಾಡುತ್ತಾರೆ. ಮರುದಿನ ಹಳೆಯ ಪ್ರಾಜೆಕ್ಟ್ ತೆರೆದರೆ ‘ಸ್ಯಾಂಪಲ್ ಸಿಗುತ್ತಿಲ್ಲ’ ಅಂತ ಉದ್ದ ಪಟ್ಟಿ. ಪ್ರಾಜೆಕ್ಟ್‌ಗೆ ಗೊತ್ತಿರುವುದು ಹಳೆಯ ವಿಳಾಸ ಮಾತ್ರ ಅಲ್ವಾ? ಆ ವಿಳಾಸವನ್ನೇ ಹೊಸ ಡಿಸ್ಕ್‌ಗೆ ಕೊಟ್ಟುಬಿಡಿ.

ಲೈಬ್ರರಿ ಡಿ ಡ್ರೈವ್‌ನಲ್ಲಿದೆ, ಅದರಲ್ಲಿ ಬೇರೆ ಪ್ರೋಗ್ರಾಂ ಏನೂ ಇಲ್ಲ ಅಂತಿಟ್ಟುಕೊಳ್ಳಿ. ಹೊಸ ಎಸ್‌ಎಸ್‌ಡಿಗೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ತಾತ್ಕಾಲಿಕವಾಗಿ ಎಸ್ ಅಂತ ಅಕ್ಷರ ಕೊಡಿ. ಫೈಲ್‌ಗಳನ್ನು ಕಾಪಿ ಮಾಡಿ, ಕಟ್ ಮಾಡಬೇಡಿ. ಮುಗಿದ ಮೇಲೆ ಎರಡೂ ಕಡೆ ಪ್ರಾಪರ್ಟೀಸ್ ತೆರೆದು ಫೈಲ್‌ಗಳ ಸಂಖ್ಯೆ ಹೋಲಿಸಿ. ಒಂದು ಫೈಲ್ ಕಡಿಮೆಯಿದ್ದರೂ ಮುಂದೆ ಹೋಗಬೇಡಿ. ಸರಿಯಿದ್ದರೆ ಎಲ್ಲ ಸಾಫ್ಟ್‌ವೇರ್ ಮುಚ್ಚಿ. ಮೊದಲು ಹಳೆಯ ಡಿಸ್ಕ್‌ನ ಅಕ್ಷರವನ್ನು ಡಿಯಿಂದ ಎಕ್ಸ್‌ಗೆ ಬದಲಿಸಿ. ಈಗ ಡಿ ಖಾಲಿಯಾಯಿತು. ಆ ಅಕ್ಷರವನ್ನು ಹೊಸ ಎಸ್‌ಎಸ್‌ಡಿಗೆ ಕೊಡಿ. ಫೋಲ್ಡರ್‌ಗಳ ಹೆಸರು ಒಂದಕ್ಷರವೂ ಬದಲಾಗಬಾರದು. ರೀಸ್ಟಾರ್ಟ್ ಮಾಡಿ ಪ್ರಾಜೆಕ್ಟ್ ತೆರೆದರೆ, ಏನೂ ಆಗಿಲ್ಲವೆಂಬಂತೆ ಲೋಡ್ ಆಗುತ್ತದೆ. ಹಳೆಯ ಡಿಸ್ಕ್ ಒಂದು ತಿಂಗಳು ಹಾಗೇ ಡ್ರಾಯರ್‌ನಲ್ಲಿರಲಿ.

ಲೈಬ್ರರಿ ಸಿ ಡ್ರೈವ್‌ನಲ್ಲೇ ಇದ್ದರೆ ಈ ಉಪಾಯ ನಡೆಯುವುದಿಲ್ಲ. ಲೈಬ್ರರಿ ಕಂಪನಿಯ ಮ್ಯಾನೇಜರ್ ಸಾಫ್ಟ್‌ವೇರ್‌ನಲ್ಲಿ ಹೊಸ ಜಾಗ ತೋರಿಸಬೇಕು. ಕಾಂಟ್ಯಾಕ್ಟ್‌ನಲ್ಲಿ ಬ್ಯಾಚ್ ರೀಸೇವ್ (ಹೊಸ ವಿಳಾಸವನ್ನು ಎಲ್ಲ ಫೈಲ್‌ಗೂ ಒಟ್ಟಿಗೆ ಬರೆಯುವ ಆಯ್ಕೆ) ಇದೆ, ಅದೂ ಕೆಲಸಕ್ಕೆ ಬರುತ್ತದೆ. ಎಸ್‌ಎಸ್‌ಡಿಗೆ ಬಂದ ಮೇಲೆ ಸ್ಯಾಂಪ್ಲರ್‌ನ ಪ್ರೀಲೋಡ್ ಬಫರ್ (ಸ್ವರಗಳ ಆರಂಭಕ್ಕೆ ಮೀಸಲಿಡುವ ಜಾಗ) ಕಡಿಮೆ ಮಾಡಿ ನೋಡಿ. ಒಳ್ಳೆ ಪ್ರಮಾಣದ ರ‍್ಯಾಮ್ ವಾಪಸ್ ಸಿಗುತ್ತದೆ. ಇದರಿಂದಲೇ ರ‍್ಯಾಮ್ ಕೊಳ್ಳುವ ಯೋಚನೆ ಬಿಟ್ಟವರಿದ್ದಾರೆ. ಹಾಗಾಗಿ ಎರಡೂ ಬೇಕು ಅನ್ನಿಸಿದರೆ ನನ್ನ ಸಲಹೆ: ಮೊದಲು ಎಸ್‌ಎಸ್‌ಡಿ, ಆಮೇಲೆ ರ‍್ಯಾಮ್.

ಅತಿ ಅಗ್ಗದ ಎಸ್‌ಎಸ್‌ಡಿ ಬಗ್ಗೆ ಎಚ್ಚರ. ಮೊದಲ ಕೆಲವು ಜಿಬಿ ಓಡೋಡಿ ಬರೆದು, ಕ್ಯಾಶ್ (ಒಳಗಿನ ವೇಗದ ತಾತ್ಕಾಲಿಕ ಜಾಗ) ತುಂಬಿದ ಕೂಡಲೇ ತೆವಳುವವು ಇವೆ. ಬರೀ ಓದುವ ಲೈಬ್ರರಿಗೆ ಅವು ನಡೆಯಬಹುದು. ವಿಂಡೋಸ್ ಇರುವ, ರೆಕಾರ್ಡ್ ಮಾಡುವ ಡಿಸ್ಕ್‌ಗೆ ಬೇಡ. ನಂಬಲಾಗದ ಬೆಲೆಗೆ ಹಲವು ಟಿಬಿ ಕೊಡುವ ಎಕ್ಸ್‌ಟರ್ನಲ್ ಡ್ರೈವ್‌ಗಳಂತೂ ಎಷ್ಟೋ ಸಲ ಸುಳ್ಳು ಅಳತೆ ತೋರಿಸುತ್ತವೆ, ನಿಮ್ಮ ಹಾಡುಗಳನ್ನು ಅವುಗಳ ಕೈಗೆ ಕೊಡಬೇಡಿ.

ಹಂತ 5: ಸಿಪಿಯು

ಇದನ್ನು ಕೊನೆಗೆ ಇಟ್ಟದ್ದು ಬೇಕಂತಲೇ. ಮೊದಲು ಫ್ಯಾನ್, ಹೀಟ್‌ಸಿಂಕ್ ಧೂಳು ಹೊಡೆಯಿರಿ. ಹಳೆಯ ಪೇಸ್ಟ್ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಥರ್ಮಲ್ ಪೇಸ್ಟ್ ಹಾಕಿ. ಬಿಸಿಯಾದ ಸಿಪಿಯು ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಎಷ್ಟೋ ‘ಹಳೆಯದಾದ’ ಕಂಪ್ಯೂಟರ್‌ಗಳು ನಿಜಕ್ಕೂ ಬರೀ ಬಿಸಿಯಾದವು.

ಅಡ್ಡದಾರಿಯೊಂದಿದೆ, ಅದು ಒಳ್ಳೆಯ ಅಡ್ಡದಾರಿ. ಕ್ಯೂಬೇಸ್, ಲೈವ್, ಲಾಜಿಕ್, ರೀಪರ್ ಈ ಮ್ಯೂಸಿಕ್ ಸಾಫ್ಟ್‌ವೇರ್‌ಗಳೆಲ್ಲದರಲ್ಲೂ ಟ್ರ್ಯಾಕ್ ಫ್ರೀಜ್ ಮಾಡಬಹುದು. ಭಾರದ ಟ್ರ್ಯಾಕ್ ತಾತ್ಕಾಲಿಕವಾಗಿ ಆಡಿಯೊ ಆಗಿ, ಅದರ ಪ್ಲಗಿನ್‌ಗಳ ಹೊರೆ ಇಳಿಯುತ್ತದೆ. ಕಾರಣವಿಲ್ಲದೆ 96 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 96,000 ಸ್ಯಾಂಪಲ್) ಕೆಲಸ ಮಾಡುತ್ತಿದ್ದರೆ 48ಕ್ಕೆ ಬನ್ನಿ, ಕೆಲಸ ಹೆಚ್ಚುಕಡಿಮೆ ಅರ್ಧವಾಗುತ್ತದೆ.

ಇಷ್ಟಾದರೂ ಸಾಲದಿದ್ದರೆ ಸಿಪಿಯು ಬದಲಿಸಿ. ಎಎಂಡಿಯ ಎಎಂ4 ಸಾಕೆಟ್‌ನ ಹಲವು ಹಳೆಯ ಬೋರ್ಡ್‌ಗಳು ಬಯೋಸ್ ಅಪ್‌ಡೇಟ್ ಮಾಡಿದರೆ ರೈಜನ್ 5000 ಸರಣಿಯನ್ನೂ ಒಪ್ಪುತ್ತವೆ, ಬೋರ್ಡ್ ಉಳಿಯುತ್ತದೆ. ಇಂಟೆಲ್‌ನ 8ನೇ ತಲೆಮಾರಿಗಿಂತ ಹಳೆಯದಿದ್ದರೆ ಬೋರ್ಡ್ ಸಮೇತ ಬದಲಿಸುವುದೇ ಮೇಲು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಅಷ್ಟು ಹಳೆಯ ಚಿಪ್‌ಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಗ್ರಾಫಿಕ್ಸ್ ಕಾರ್ಡ್‌ಗೆ ಹಣ ಹಾಕಬೇಡಿ, ಸಿಪಿಯು ಜೊತೆಗೇ ಗ್ರಾಫಿಕ್ಸ್ ಬಂದಿದ್ದರೆ ಈ ಕೆಲಸಕ್ಕೆ ಅದೇ ಧಾರಾಳ. ಉಳಿದ ಹಣದಲ್ಲಿ 140 ಮಿಲಿಮೀಟರ್‌ನ ದೊಡ್ಡ ಫ್ಯಾನ್ ಹಾಕಿಸಿ. ಅದು ನಿಧಾನ ತಿರುಗಿದರೂ ಸಾಕಷ್ಟು ಗಾಳಿ ತಳ್ಳುತ್ತದೆ, ಮೈಕ್‌ನಲ್ಲಿ ಗುಂಯ್ ಅನ್ನುವುದಿಲ್ಲ.

ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ. ಪ್ರತಿ ಸಲವೂ ಆ ಚೀಟಿ ತೆಗೆದು, ಅದೇ ಪ್ರಾಜೆಕ್ಟ್‌ನ ಅದೇ ಬಾರ್‌ಗೆ ಹೋಗಿ, ಬಫರ್ 128ರಲ್ಲಿ ಪ್ಲೇ ಒತ್ತಿ. ಮೀಟರ್‌ನ ಹೊಸ ಅಂಕಿಯನ್ನು ಹಳೆಯದರ ಪಕ್ಕದಲ್ಲಿ ಬರೆಯಿರಿ. ಚಟಪಟ ನಿಂತ ದಿನ ಅಪ್‌ಗ್ರೇಡ್ ಕೂಡ ಅಲ್ಲಿಗೇ ನಿಲ್ಲಿಸಿ, ಕಂಪ್ಯೂಟರ್ ಮುಚ್ಚಳ ಹಾಕಿ.